ಎಸ್‌ಡಿಎ ಕೆಳಗೇ ಅಂಟಿಕೊಂಡಿದೆ: ಈಪ್ರಾಮ್ ಡೇಟಾ ಕೆಡದ ಹಾಗೆ ಐ2ಸಿ ಬಸ್ ಬಿಡಿಸುವುದು ಹೇಗೆ?

ಬದಿಯಡ್ಕ_ಪಂಪ್‌ಶೆಡ್
ಅಡಿಕೆ ತೋಟದ ಪಂಪ್ ಶೆಡ್ಡಿಗೆ ಒಂದು ಕಂಟ್ರೋಲರ್ ಮಾಡ್ತಾ ಇದ್ದೇವೆ. ಬೋರ್ಡು ಐ.ಎಂಎಕ್ಸ್6, ಮೇಲೆ ಲಿನಕ್ಸ್. ಒಂದೇ ಐ2ಸಿ ಬಸ್ಸಿನಲ್ಲಿ (ಚಿಪ್ಪುಗಳು ಮಾತಾಡುವ ಎರಡು ತಂತಿ: ಎಸ್‌ಸಿಎಲ್ ಕ್ಲಾಕಿಗೆ, ಎಸ್‌ಡಿಎ ಡೇಟಾಕ್ಕೆ) ಡಿಎಸ್3231 ಗಡಿಯಾರ (ವಿಳಾಸ ಹೆಕ್ಸ್ 68), ಅದೇ ಮಾಡ್ಯೂಲಿನ ಮೇಲಿರುವ 24ಸಿ32 ಈಪ್ರಾಮ್ (ಕರೆಂಟು ಹೋದರೂ ಡೇಟಾ ಉಳಿಯುವ ಮೆಮೊರಿ, ಹೆಕ್ಸ್ 57), ಮತ್ತೆ ತೋಟಕ್ಕೆ ಕೇಬಲಿನಲ್ಲಿ ಹೋಗುವ ಒಂದು ತೇವಾಂಶದ ಸೆನ್ಸರ್.

ತೊಂದರೆ ಎರಡು ಉಂಟು. ಮೋಟರ್ ಸ್ಟಾರ್ಟ್ ಆಗುವಾಗ ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗುತ್ತದೆ. ಎದ್ದ ಮೇಲೆ ಕೆಲವು ಸಲ ಎಸ್‌ಸಿಎಲ್ ಮೇಲೆ, ಎಸ್‌ಡಿಎ ಮಾತ್ರ ಕೆಳಗೇ ಅಂಟಿಕೊಂಡಿರುತ್ತದೆ. ಯಾವ ಚಿಪ್ಪನ್ನು ಕೇಳಿದರೂ -110 (ಟೈಮ್‌ಔಟ್ ಎರರ್). ರೀಬೂಟ್ ಮಾಡಿದರೂ ಹಾಗೇ. ಮೇನ್ ಆಫ್ ಮಾಡಿ ಹಾಕಿದರೂ ಒಮ್ಮೊಮ್ಮೆ ಹಾಗೇ.

ಅದಕ್ಕೆ ಈಪ್ರಾಮ್ ಡ್ರೈವರಿನ ಪ್ರೋಬಿನಲ್ಲಿ (ಡ್ರೈವರ್ ಶುರುವಾಗುವಾಗ ಓಡುವ ಭಾಗ) ಪಿನ್ನುಗಳನ್ನು ಜಿಪಿಐಒ (ಸಾಫ್ಟ್‌ವೇರ್ ನೇರ ಆಡಿಸುವ ಪಿನ್) ಮಾಡಿಕೊಂಡು ಎಸ್‌ಸಿಎಲ್ ಮೇಲೆ 9 ಪಲ್ಸ್, ಕೊನೆಗೊಂದು ಸ್ಟಾಪ್ (ಮಾತು ಮುಗಿಯಿತು ಎನ್ನುವ ಸಂಕೇತ) ಕೊಡುವ ಕೋಡ್ ಹಾಕಿದೆ. ಬಸ್ ಬಿಡುತ್ತದೆ. ಆದರೆ ಅಪರೂಪಕ್ಕೆ ಕ್ಯಾಲಿಬ್ರೇಷನ್ ರೆಕಾರ್ಡಿನ ಮೊದಲ ಬೈಟ್ ಎಫ್‌ಎಫ್ (ಎಂಟೂ ಬಿಟ್ 1) ಆಗಿರುತ್ತದೆ. ಆ ರೆಕಾರ್ಡನ್ನು ಈ ಸಾಫ್ಟ್‌ವೇರ್ ಬರೆಯುವುದೇ ಇಲ್ಲ, ಬರೀ ಓದುವುದು. ಹಾಗಾದರೆ ಎಫ್‌ಎಫ್ ಎಲ್ಲಿಂದ?

ಮಂಜೇಶ್ವರ_ಸ್ಕೋಪ್
ಪುಲ್‌ಅಪ್ (ಲೈನನ್ನು ಮೇಲೆಳೆಯುವ ರೆಸಿಸ್ಟರ್) ಎಷ್ಟು? ಕೇಬಲ್ ಎಷ್ಟು ಉದ್ದ?

ಬದಿಯಡ್ಕ_ಪಂಪ್‌ಶೆಡ್
ಮಾಡ್ಯೂಲಿನಲ್ಲೇ ಇರುವ 4.7ಕೆ. ಕೇಬಲ್ ಕ್ಯಾಟ್5, ಸುಮಾರು 12 ಮೀಟರ್.

ಅಕ್ಕಲಕೋಟ_ಸರ್ಕಿಟ್
ಪಲ್ಸ್ ಎಣಿಸೋ ಉಸಾಬರಿ ಯಾಕ್ರಿ? ಬಸ್ಸಿನ ಮ್ಯಾಲಿನ ಚಿಪ್‌ಗಳಿಗೆಲ್ಲ ಒಂದು ಪಿ-ಚಾನೆಲ್ ಮಾಸ್‌ಫೆಟ್ ಮೂಲಕ ಪವರ್ ಕೊಡ್ರಿ. ಬಸ್ ಸಿಕ್ಕಿಬಿತ್ತಂದ್ರ ಅದನ್ನ ಆಫ್ ಮಾಡಿ ಆನ್ ಮಾಡ್ರಿ. ಚಿಪ್ ಹೊಸದಾಗಿ ಏಳತೈತಿ, ಮುಗೀತು. ಸಾಫ್ಟ್‌ವೇರಿನಾಗ ಎಷ್ಟು ಕಸರತ್ತು ಮಾಡಿದ್ರೂ ಅಷ್ಟು ಖಾತ್ರಿ ಬರೂದಿಲ್ಲ.

ಕರ್ನಲ್_ಕುಂಬಳೆ
@ಅಕ್ಕಲಕೋಟ_ಸರ್ಕಿಟ್ ಈ ಬೋರ್ಡಿನಲ್ಲಿ ಅದು ಕೆಲಸ ಮಾಡುವುದಿಲ್ಲ ಮಾರಾಯ್ರೇ. ಡಿಎಸ್3231ಕ್ಕೆ ಬೆನ್ನಿಗೆ ಬ್ಯಾಟರಿ ಉಂಟು. ಮೇನ್ ಸಪ್ಲೈ ಹೋದರೂ ಬ್ಯಾಟರಿ ಇರುವ ತನಕ ಅದರ ಐ2ಸಿ ಭಾಗ ಜೀವಂತ. ಓದುವ ನಡುವೆ ಪ್ರೊಸೆಸರ್ ರೀಸೆಟ್ ಆದರೆ ಇಬ್ಬರ ತಾಳ ತಪ್ಪಬಹುದು, ಆಗ ಎಸ್‌ಡಿಎ ಮೇಲೆ ಬರುವ ತನಕ ಎಸ್‌ಸಿಎಲ್ ಆಡಿಸಿ, ಬಳಿಕ ಸ್ಟಾರ್ಟ್ (ಮಾತು ಶುರು ಎನ್ನುವ ಸಂಕೇತ) ಕೊಡಿ ಎಂದು ಅದರ ಡೇಟಾಶೀಟೇ ಹೇಳುತ್ತದೆ. ಮೇನ್ ಆಫ್ ಮಾಡಿ ಹಾಕಿದರೂ ಬದಿಯಡ್ಕದವರ ಬಸ್ ಬಿಡದಿರಲು ಕಾರಣ ಇದೇ ಇರಬೇಕು.

ಬ್ಯಾಟರಿ ಇಲ್ಲದ ಚಿಪ್ಪುಗಳಲ್ಲೂ ಒಂದು ಎಡವಟ್ಟು ಉಂಟು. ವಿಸಿಸಿ (ಚಿಪ್ಪಿನ ಸಪ್ಲೈ) ಕಡಿದರೂ ಪುಲ್‌ಅಪ್ ಬೇರೆ ರೈಲಿಗೆ (ಪವರ್ ಲೈನಿಗೆ) ಕಟ್ಟಿದ್ದರೆ ಎಸ್‌ಸಿಎಲ್, ಎಸ್‌ಡಿಎ ಪಿನ್ನುಗಳ ರಕ್ಷಣಾ ಡಯೋಡಿನ ಮೂಲಕ ಚಿಪ್ಪಿನೊಳಗೆ ಕರೆಂಟು ನುಗ್ಗುತ್ತದೆ. ರೈಲ್ ಪೂರ್ತಿ ಇಳಿಯದೆ ಅರ್ಧದಲ್ಲಿ ನೇತಾಡುತ್ತದೆ, ಪವರ್-ಆನ್ ರೀಸೆಟ್ ನಡೆಯುವುದೇ ಇಲ್ಲ. ಪವರ್ ಕಡಿಯುವುದಾದರೆ ಪುಲ್‌ಅಪ್ ಕೂಡಾ ಅದೇ ಸ್ವಿಚ್ಚಿನ ಆಚೆ ಬದಿಗೆ ಇರಬೇಕು.

ಅಕ್ಕಲಕೋಟ_ಸರ್ಕಿಟ್
ಬ್ಯಾಟರಿ ಮಾತು ಒಪ್ಪಿದೆ. ಉಳಿದ ಚಿಪ್‌ಗಳಿಗೆ ಪುಲ್‌ಅಪ್ ಸಮೇತ ಸ್ವಿಚ್ ಮಾಡಿದ್ರ ಅದೇ ಕಡೀ ಉಪಾಯ ಅನ್ನೂದು ಈಗ್ಲೂ ನನ್ನ ಮಾತು.

ಕರ್ನಲ್_ಕುಂಬಳೆ
ಕಡೆಯ ಉಪಾಯ ಹೌದು. ಮೊದಲನೆಯದಲ್ಲ. ಐ2ಸಿ ಸ್ಪೆಸಿಫಿಕೇಷನ್ ಹೇಳುವ ಕ್ರಮವೂ ಅದೇ: ಎಸ್‌ಡಿಎ ಕೆಳಗಿದ್ದರೆ 9 ಕ್ಲಾಕ್, ಅದಕ್ಕೂ ಬಿಡದಿದ್ದರೆ ಹಾರ್ಡ್‌ವೇರ್ ರೀಸೆಟ್ ಪಿನ್, ಅದೂ ಇಲ್ಲದಿದ್ದರೆ ಪವರ್. ಎಸ್‌ಸಿಎಲ್ ಕೆಳಗಿದ್ದರೆ ಮಾತ್ರ ಪಲ್ಸಿನ ಪ್ರಶ್ನೆಯೇ ಇಲ್ಲ, ನೇರ ರೀಸೆಟ್ಟಿಗೇ ಹೋಗಬೇಕು.

ಮಡಕಶಿರಾ_ಮೈಕ್ರೋ
ಎಫ್‌ಎಫ್ ಬಗ್ಗೆ ಯಾರೂ ಹೇಳಲಿಲ್ಲ. ಅದೇ ಇಲ್ಲಿ ಮುಖ್ಯ. ಒಂದೊಂದೇ ಎಡ್ಜ್ (ಎಸ್‌ಸಿಎಲ್ ಏರುವ, ಇಳಿಯುವ ಕ್ಷಣ) ಹಿಡಿದು ನೋಡೋಣ.

"ಬರೀ ಓದುವುದು" ಅಂತೀರಿ. ಆದರೆ ಈಪ್ರಾಮಿನಲ್ಲಿ ಬೇಕಾದ ಜಾಗದಿಂದ ಓದಬೇಕಾದರೆ ಮೊದಲು ಬರೆಯುವ ಮೆಸೇಜೇ ಹೋಗುತ್ತದೆ. ಸ್ಟಾರ್ಟ್, ಬರೆಯುವ ಬಿಟ್ ಇರುವ ಡಿವೈಸ್ ವಿಳಾಸ, 24ಸಿ32ರಲ್ಲಿ ಒಳವಿಳಾಸದ ಎರಡು ಬೈಟ್, ಆಮೇಲೆ ಇನ್ನೊಂದು ಸ್ಟಾರ್ಟ್ ಕೊಟ್ಟು ಓದುವುದು. ಆ ಎರಡನೇ ಸ್ಟಾರ್ಟ್ ಬರೋವರೆಗೂ ಈಪ್ರಾಮ್ ಲೆಕ್ಕದಲ್ಲಿ ಇದು ರೈಟ್. ಮುಂದೆ ಡೇಟಾ ಬರುತ್ತದೆ ಎಂದೇ ಕಾಯುತ್ತಿರುತ್ತದೆ.

ಒಳವಿಳಾಸದ ಎರಡನೇ ಬೈಟಿಗೆ ಈಪ್ರಾಮ್ ಅಕ್ (ಬೈಟ್ ಸಿಕ್ಕಿತು ಎನ್ನುವ ಉತ್ತರ) ಕೊಡ್ತಾ ಎಸ್‌ಡಿಎ ಕೆಳಗೆಳೆದು ಹಿಡಿದಿದೆ. ಸರಿಯಾಗಿ ಆ ಹೊತ್ತಿಗೆ ಪ್ರೊಸೆಸರ್ ರೀಸೆಟ್. ಅದರ ಪಿನ್ ಎರಡೂ ಸಡಿಲ, ಎಸ್‌ಸಿಎಲ್ ಪುಲ್‌ಅಪ್‌ನಿಂದ ಮೇಲೇರಿತು. ಈಪ್ರಾಮ್ ಕಣ್ಣಿಗೆ ಇದು ಅಕ್ ಕ್ಲಾಕಿನ ಮೇಲಿನ ಅರ್ಧ. ಎಸ್‌ಸಿಎಲ್ ಕೆಳಗಿಳಿಯುವವರೆಗೂ ಅದು ಎಸ್‌ಡಿಎ ಬಿಡುವ ಹಾಗಿಲ್ಲ.

ಈಗ ನಿಮ್ಮ 9 ಪಲ್ಸ್ ಬಂತು. ಮೊದಲ ಸಲ ಎಸ್‌ಸಿಎಲ್ ಇಳಿದಾಗಲೇ ಈಪ್ರಾಮ್ ಎಸ್‌ಡಿಎ ಬಿಟ್ಟಾಯ್ತು. ಅಲ್ಲಿ ನಿಲ್ಲಿಸಬೇಕಿತ್ತು. ನಿಮ್ಮ ಕೋಡ್ ಎಸ್‌ಡಿಎ ನೋಡುವುದಿಲ್ಲ, ಮುಂದೆ ಹೋಗುತ್ತದೆ. ಎಸ್‌ಡಿಎ ಮೇಲಿದೆ, ಎಸ್‌ಸಿಎಲ್ ಏರಿತು: ಡೇಟಾದ ಮೊದಲ ಬಿಟ್ 1. ಹೀಗೆ ಎಂಟು ಏರಿಕೆಗೆ ಎಂಟು 1, ಅಂದರೆ ಎಫ್‌ಎಫ್. ಒಂಬತ್ತನೇ ಇಳಿತದಲ್ಲಿ ಈಪ್ರಾಮ್ ಆ ಬೈಟಿಗೂ ಅಕ್ ಕೊಟ್ಟಿತು, ಒಂಬತ್ತನೇ ಏರಿಕೆ ಆ ಅಕ್ಕಿನ ಕ್ಲಾಕ್. ಅದರ ಬೆನ್ನಿಗೇ ನಿಮ್ಮ ಸ್ಟಾಪ್. ಬೈಟ್ ಪೂರ್ತಿ, ಅಕ್ ಪೂರ್ತಿ, ಸ್ಟಾಪ್ ಬಂತು, ಈಪ್ರಾಮ್ ಒಳಗೆ ಬರೆದೇಬಿಡ್ತು. ರೆಕಾರ್ಡ್ ಓದಲು ಕೊಟ್ಟ ವಿಳಾಸ ಅದರ ಮೊದಲ ಬೈಟಿನದು, ಹಾಗಾಗಿ ಕೆಟ್ಟಿದ್ದೂ ಮೊದಲ ಬೈಟೇ.

ಒಳವಿಳಾಸದ ಮೊದಲ ಬೈಟಿನ ಅಕ್ಕಿನಲ್ಲಿ ರೀಸೆಟ್ ಆಗಿದ್ದರೆ ಆ ಎಂಟು 1ಗಳು ವಿಳಾಸದ ಎರಡನೇ ಬೈಟಾಗಿ ಕಳೆದುಹೋಗುತ್ತಿದ್ದವು, ಏನೂ ಕೆಡುತ್ತಿರಲಿಲ್ಲ. ಅದಕ್ಕೇ ನಿಮಗೆ ಅಪರೂಪಕ್ಕೆ ಕಾಣುವುದು.

ಮಂಜೇಶ್ವರ_ಸ್ಕೋಪ್
ಇದನ್ನು ಮೇಲೆ ಪಿನ್ ಮಾಡಿ ಇಡಿ ಯಾರಾದರೂ. "9 ಪಲ್ಸ್ ಕೊಟ್ಟರೆ ಆಯ್ತು" ಎಂದು ಎಲ್ಲ ಕಡೆ ಹೇಳ್ತಾರೆ, ಇದನ್ನು ಯಾರೂ ಹೇಳುವುದಿಲ್ಲ.

ಬದಿಯಡ್ಕ_ಪಂಪ್‌ಶೆಡ್
ಸರಿಯಾಗಿ ಹೊಂದುತ್ತದೆ. ಹಾಗಾದರೆ ಎಂತ ಮಾಡುವುದು? ಪ್ರತಿ ಪಲ್ಸಿಗೆ ಎಸ್‌ಡಿಎ ಓದಿ, ಮೇಲೆ ಬಂದ ಕೂಡಲೇ ನಿಲ್ಲಿಸಿದರೆ ಸಾಕಾ?

ಮಡಕಶಿರಾ_ಮೈಕ್ರೋ
ಓದಿ ನಿಲ್ಲಿಸುವುದು ಕನಿಷ್ಠ. ಪ್ರತಿ ಪಲ್ಸಿಗೂ ಒಂದು ಸ್ಟಾಪ್ ಪ್ರಯತ್ನವನ್ನೂ ಸೇರಿಸಿದರೆ ಇನ್ನೂ ಭದ್ರ. ಎಸ್‌ಸಿಎಲ್ ಇಳಿಸಿ, ಅದು ಕೆಳಗಿರುವಾಗಲೇ ಎಸ್‌ಡಿಎ ಇಳಿಸಿ, ಎಸ್‌ಸಿಎಲ್ ಏರಿಸಿ, 5 ಮೈಕ್ರೋಸೆಕೆಂಡ್ ಬಿಟ್ಟು ಎಸ್‌ಡಿಎ ಬಿಟ್ಟುಬಿಡಿ. ಆಮೇಲೆ ಓದಿ. ಮೇಲೆ ಬಂದಿದ್ದರೆ ಅದೇ ಸ್ಟಾಪ್ ಆಯ್ತು, ಹೊರಗೆ ಬನ್ನಿ. ಇನ್ನೂ ಕೆಳಗಿದ್ದರೆ ಮುಂದಿನ ಸುತ್ತು, ಹೆಚ್ಚೆಂದರೆ 9.

ಮೇಲಿನ ಉದಾಹರಣೆಯಲ್ಲಿ ಮೊದಲ ಸುತ್ತಿನಲ್ಲೇ ಸ್ಟಾಪ್ ಬೀಳುತ್ತದೆ. ವಿಳಾಸ ಮಾತ್ರ ಬಂದು ಡೇಟಾ ಬಾರದೆ ಸ್ಟಾಪ್ ಬಂದರೆ ಈಪ್ರಾಮ್ ಏನೂ ಬರೆಯುವುದಿಲ್ಲ.

ಚಿಪ್ ಡೇಟಾ ಕಳಿಸುವಾಗ ಸಿಕ್ಕಿಬಿದ್ದಿದ್ದರೆ ಕಥೆ ಬೇರೆ. ಅದು 0 ಬಿಟ್ ಹಿಡಿದು ನಿಂತಿರುತ್ತದೆ. ಪ್ರತಿ ಕ್ಲಾಕಿಗೆ ಮುಂದಿನ ಬಿಟ್. 1 ಬಿಟ್ ಬಂದ ಕಡೆ ನಿಮ್ಮ ಸ್ಟಾಪ್ ಬೀಳುತ್ತದೆ. ಎಲ್ಲಾ 0 ಆಗಿದ್ದರೂ ಅಕ್ ಕ್ಲಾಕಿನಲ್ಲಿ ಚಿಪ್ ಎಸ್‌ಡಿಎ ಬಿಡಲೇಬೇಕು. ಎಲ್ಲಿ ಸಿಕ್ಕಿಬಿದ್ದಿದ್ದರೂ 9 ಸಾಕು ಎನ್ನುವ ಲೆಕ್ಕ ಅಲ್ಲಿಂದ ಬಂದದ್ದು.

ತಂತಿ_ಹೊಸೂರು
ಒಂದು ಎಚ್ಚರಿಕೆ: ಆ ಎರಡೂ ಪಿನ್ ಓಪನ್ ಡ್ರೈನ್ (ಕೆಳಗೆ ಮಾತ್ರ ಎಳೆಯುವ, ಮೇಲೆ ತಳ್ಳದ ರೀತಿ) ಆಗಿರಲೇಬೇಕು. ಪುಶ್-ಪುಲ್ ಮಾಡಿ ಎಸ್‌ಡಿಎಗೆ 1 ಬರೆದರೆ ಈ ಕಡೆ ಪ್ರೊಸೆಸರ್ 3.3 ವೋಲ್ಟಿಗೆ ತಳ್ಳುತ್ತೆ, ಆ ಕಡೆ ಚಿಪ್ ನೆಲಕ್ಕೆ ಎಳೆಯುತ್ತೆ. ಕರೆಂಟ್ ಜಾಸ್ತಿ ಹರಿಯೋದು ಒಂದು. ಅದಕ್ಕಿಂತ ಕೆಟ್ಟದ್ದು, ಪಿನ್ ಓದಿದರೆ ನೀವೇ ತಳ್ಳಿದ 1 ಕಾಣಬಹುದು, ಬಸ್ ಬಿಟ್ಟಿತು ಅಂತ ಕೋಡ್ ಸುಳ್ಳು ತೀರ್ಮಾನಕ್ಕೆ ಬರುತ್ತೆ. ಎಸ್‌ಸಿಎಲ್ ಕೂಡ ಹಾಗೇ, ಯಾವುದಾದರೂ ಚಿಪ್ ಕ್ಲಾಕ್ ಹಿಡಿದಿದ್ದರೆ ನಿಮಗೆ ಗೊತ್ತೇ ಆಗಲ್ಲ.

ಯಾವ ಚಿಪ್ ಹಿಡಿದಿದೆ ಅಂತ ಕಂಡುಹಿಡಿಯೋಕೆ ಸ್ಕೋಪ್ ಬೇಡ, ಮಲ್ಟಿಮೀಟರ್ ಸಾಕು. ಸಿಕ್ಕಿಬಿದ್ದ ಬಸ್ ಅಂದರೆ ಡಿಸಿ ತಾನೇ. ಪ್ರತಿ ಚಿಪ್ಪಿನ ಎಸ್‌ಡಿಎ ದಾರಿಯಲ್ಲಿ 100 ಓಮ್ ಸೀರೀಸ್ ರೆಸಿಸ್ಟರ್ ಇಡಿ. 4.7ಕೆ ಪುಲ್‌ಅಪ್, 3.3 ವೋಲ್ಟ್ ಆದರೆ ಸುಮಾರು 0.7 ಮಿಲಿಆಂಪಿಯರ್ ಹರಿಯುತ್ತೆ, ಹಿಡಿದಿರೋ ಚಿಪ್ಪಿನ ರೆಸಿಸ್ಟರ್ ಮೇಲೆ 70 ಮಿಲಿವೋಲ್ಟ್ ಹತ್ತಿರ ಕಾಣುತ್ತೆ. ಉಳಿದವುಗಳ ಮೇಲೆ ಸೊನ್ನೆ. ಸಿಡಿಲಿನ ಸ್ಪೈಕಿಗೂ ಈ ರೆಸಿಸ್ಟರ್ ಸ್ವಲ್ಪ ತಡೆ.

ಕರ್ನಲ್_ಕುಂಬಳೆ
ಕೋಡ್ ಇರಬೇಕಾದ ಜಾಗದ ಬಗ್ಗೆ. ಬದಿಯಡ್ಕದವರು ಈಪ್ರಾಮ್ ಡ್ರೈವರಿನ ಪ್ರೋಬಿನಲ್ಲಿ ಹಾಕಿದ್ದಾರೆ. ಅಲ್ಲಿ ಇರಬಾರದು. ಆ ಹೊತ್ತಿಗೆ ಆರ್‌ಟಿಸಿ (ಗಡಿಯಾರದ ಚಿಪ್) ಡ್ರೈವರ್ ಅದೇ ಬಸ್ಸಿನಲ್ಲಿ ಮಾತಾಡ್ತಾ ಇದ್ದರೆ ನಡುವಿನಿಂದಲೇ ಪಿನ್ ಕಿತ್ತುಕೊಂಡ ಹಾಗಾಗುತ್ತದೆ. ಬಸ್ಸಿನ ಲಾಕ್ ಇರುವುದು ಅಡಾಪ್ಟರಿನ (ಪ್ರೊಸೆಸರಿನ ಐ2ಸಿ ಕಂಟ್ರೋಲರಿಗೆ ಕರ್ನಲಿನ ಹೆಸರು) ಬಳಿ. ಟ್ರಾನ್ಸ್‌ಫರ್ ನಡೆಯುವಾಗ ಐ2ಸಿ ಕೋರ್ ಲಾಕ್ ಹಿಡಿದಿರುತ್ತದೆ, ಆದ ಕಾರಣ ಕಂಟ್ರೋಲರ್ ಡ್ರೈವರಿನ ಒಳಗಿಂದ ರಿಕವರಿ ಕರೆದರೆ ಬೇರೆ ಯಾರೂ ನಡುವೆ ಬರುವುದಿಲ್ಲ.

ನೀವೇ ಬಿಟ್ ಆಡಿಸಬೇಕಾಗಿಯೂ ಇಲ್ಲ. ಕೋರಿನಲ್ಲಿ ಐ2ಸಿ_ಬಸ್_ರಿಕವರಿ_ಇನ್ಫೋ ಎನ್ನುವ ಸ್ಟ್ರಕ್ಟ್, ಐ2ಸಿ_ಜೆನೆರಿಕ್_ಎಸ್‌ಸಿಎಲ್_ರಿಕವರಿ ಎನ್ನುವ ಫಂಕ್ಷನ್ ಎರಡೂ ಸಿದ್ಧ ಉಂಟು. ಮಡಕಶಿರಾದವರು ಹೇಳಿದ್ದನ್ನೇ ಅದು ಮಾಡುತ್ತದೆ: ಹೆಚ್ಚೆಂದರೆ 9 ಕ್ಲಾಕ್, ಎಸ್‌ಡಿಎ ಆಡಿಸಲು ಬರುವುದಾದರೆ ಪ್ರತಿ ಕ್ಲಾಕಿಗೆ ಸ್ಟಾಪ್, ಬಿಟ್ಟ ಕೂಡಲೇ ಹೊರಗೆ. ಎಸ್‌ಸಿಎಲ್ ಮೇಲೆ ಬಿಟ್ಟರೂ ಕೆಳಗೇ ಕಂಡರೆ ಕೈಬಿಟ್ಟು -16 (ಬಸ್ ಖಾಲಿ ಇಲ್ಲ ಎನ್ನುವ ಎರರ್) ಕೊಡುತ್ತದೆ. ಎಸ್‌ಡಿಎ ಓದಲು ಅಥವಾ ಆಡಿಸಲು ಒಂದಾದರೂ ದಾರಿ ಕೊಡದಿದ್ದರೆ ಕೋರ್ ನಿಮ್ಮ ರಿಕವರಿಯನ್ನು ಒಪ್ಪುವುದೇ ಇಲ್ಲ. ಕಾರಣ ಮೇಲಿನ ಎಫ್‌ಎಫ್ ಕಥೆಯೇ.

ಐ.ಎಂಎಕ್ಸ್ ಡ್ರೈವರ್ ಇದಕ್ಕೆ ತಯಾರಾಗಿಯೇ ಉಂಟು, ನೀವು ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನು ಉಂಟು ಎಂದು ಕರ್ನಲಿಗೆ ಹೇಳುವ ಫೈಲ್) ತುಂಬಿದರೆ ಸಾಕು. ಪಿನ್‌ಕಂಟ್ರೋಲಿನಲ್ಲಿ (ಪಿನ್ ಯಾವ ಕೆಲಸಕ್ಕೆ ಎಂದು ಆರಿಸುವ ಭಾಗ) "ಡೀಫಾಲ್ಟ್", "ಜಿಪಿಐಒ" ಎಂದು ಎರಡು ಸ್ಟೇಟ್. ಎರಡನೆಯದರಲ್ಲಿ ಅದೇ ಎರಡು ಪ್ಯಾಡ್‌ಗಳ ಮಕ್ಸ್ ಜಿಪಿಐಒಗೆ. ಬಳಿಕ ಎಸ್‌ಸಿಎಲ್-ಜಿಪಿಐಒಸ್, ಎಸ್‌ಡಿಎ-ಜಿಪಿಐಒಸ್ ಪ್ರಾಪರ್ಟಿ, ಎರಡಕ್ಕೂ ಆಕ್ಟಿವ್ ಹೈ ಜೊತೆಗೆ ಓಪನ್ ಡ್ರೈನ್ ಫ್ಲ್ಯಾಗ್. ಜಿಪಿಐಒ ಸ್ಟೇಟಿನ ಪ್ಯಾಡ್ ಸೆಟ್ಟಿಂಗಿನಲ್ಲಿ ಇನ್‌ಪುಟ್ ದಾರಿಯನ್ನೂ ತೆರೆದಿಡಿ. ಇಲ್ಲದಿದ್ದರೆ ಎಸ್‌ಡಿಎ ಯಾವಾಗಲೂ 0 ಎಂದೇ ಓದಿ, ಬಸ್ ಬಿಟ್ಟರೂ ಬಿಡಲಿಲ್ಲ ಎನ್ನುತ್ತದೆ.

ಬದಿಯಡ್ಕ_ಪಂಪ್‌ಶೆಡ್
ಯಾವಾಗ ಕರೆಯುವುದು? ಪ್ರತಿ ಎರರ್ ಬಂದಾಗಲೂ?

ಕರ್ನಲ್_ಕುಂಬಳೆ
ಬೇಡವೇ ಬೇಡ. ಟ್ರಾನ್ಸ್‌ಫರ್ ಶುರು ಮಾಡುವಾಗ ಎಸ್‌ಡಿಎ ಕೆಳಗೇ ಉಂಟು ಎಂದು ಕಂಡರೆ ಮಾತ್ರ. -6 ಅಂದರೆ ವಿಳಾಸಕ್ಕೆ ಯಾರೂ ಓಗೊಡಲಿಲ್ಲ ಅಷ್ಟೆ, ಬಸ್ ಆರಾಮ. ಈಪ್ರಾಮ್ ಒಳಗೆ ಬರೆಯುತ್ತಿರುವ 5ರಿಂದ 10 ಮಿಲಿಸೆಕೆಂಡ್ ಹೊತ್ತು ಅದೇ -6 ಬರುತ್ತದೆ, ಅಲ್ಲಿ ಕಾದು ಮತ್ತೆ ಕೇಳುವುದೇ ಸರಿ. -11 ಅಂದರೆ ಇನ್ನೊಬ್ಬ ಮಾಸ್ಟರ್ ಎದುರು ಆರ್ಬಿಟ್ರೇಷನ್ (ಬಸ್ ಯಾರಿಗೆ ಎನ್ನುವ ಪೈಪೋಟಿ) ಸೋತದ್ದು. ಅಲ್ಲಿ ರಿಕವರಿ ಮಾಡಿದರೆ ಗೆದ್ದವನ ಮಾತಿನ ನಡುವೆ ನಿಮ್ಮ ಕ್ಲಾಕ್ ತೂರಿಸಿದ ಹಾಗೆ. ಟೈಮ್‌ಔಟ್ ಬಂದರೂ ಮೊದಲು ಲೈನ್ ನೋಡಬೇಕು. ಚಿಪ್ ಕ್ಲಾಕ್ ಸ್ಟ್ರೆಚ್ ಮಾಡಿ (ಎಸ್‌ಸಿಎಲ್ ಕೆಳಗೆ ಹಿಡಿದು) ತಡ ಮಾಡಿರಬಹುದು.

ಅಕ್ಕಲಕೋಟ_ಸರ್ಕಿಟ್
ಎಸ್‌ಸಿಎಲ್ಲೇ ಕೆಳಗ ಬಿದ್ದಿದ್ರ? ಎಸ್‌ಎಂಬಸ್ (ಐ2ಸಿಯಂಥದೇ ಇನ್ನೊಂದು ಬಸ್) ಚಿಪ್ ಆದ್ರ 35 ಮಿಲಿಸೆಕೆಂಡ್ ಆದ ಮ್ಯಾಲೆ ತಾನೇ ಬಿಡ್ತೈತಲ್ಲ?

ತಂತಿ_ಹೊಸೂರು
ಎಸ್‌ಎಂಬಸ್ ಚಿಪ್ ಬಿಡುತ್ತೆ. ಕ್ಲಾಕ್ 25 ಮಿಲಿಸೆಕೆಂಡ್ ಮೀರಿ ಕೆಳಗಿದ್ದರೆ ಟೈಮ್‌ಔಟ್ ಅಂತ ಗುರುತಿಸಬೇಕು, 35ರ ಒಳಗೆ ರೀಸೆಟ್ ಆಗಿರಬೇಕು ಅನ್ನೋ ನಿಯಮ ಅದರಲ್ಲಿದೆ. ಬರೀ ಐ2ಸಿಯಲ್ಲಿ ಆ ತರ ಟೈಮ್‌ಔಟ್ ಇಲ್ಲ. 24ಸಿ ಈಪ್ರಾಮ್‌ನಿಂದ ಅದನ್ನ ನಿರೀಕ್ಷಿಸಬೇಡಿ. ಮಕ್ಸ್ ಚಿಪ್ (ಒಂದು ಬಸ್ಸನ್ನ ಹಲವು ಕವಲು ಮಾಡೋದು) ಹಾಕೋದಾದರೆ ಪಿಸಿಎ9548ಎ ತರ ರೀಸೆಟ್ ಪಿನ್ ಇರೋದನ್ನೇ ಆರಿಸಿ, ಆ ಪಿನ್ ಜಿಪಿಐಒಗೆ ತನ್ನಿ. ರೀಸೆಟ್ ಮಾಡಿದರೆ ಎಲ್ಲಾ ಚಾನೆಲ್ ಕಳಚಿಕೊಳ್ಳುತ್ತೆ, ಕೆಟ್ಟ ಕವಲು ಬಿಟ್ಟು ಉಳಿದವು ಬದುಕುತ್ತವೆ.

ತೋಟದ ಸೆನ್ಸರ್ ಮುಖ್ಯ ಬಸ್ಸಿಗೆ ನೇರ ಕಟ್ಟಿರೋದೇ ದೊಡ್ಡ ಅಪಾಯ. ಕ್ಯಾಟ್5 ಜೋಡಿಗೆ ಮೀಟರಿಗೆ 50 ಪಿಕೊಫ್ಯಾರಡ್ ಮೇಲೇ ಇರುತ್ತೆ. 12 ಮೀಟರ್ ಅಂದರೆ 600 ದಾಟಿತು, ಐ2ಸಿ ಮಿತಿ 400. ಆ 400ಕ್ಕೇ 100 ಕಿಲೋಹರ್ಟ್ಸ್‌ನಲ್ಲಿ 1000 ನ್ಯಾನೋಸೆಕೆಂಡ್ ರೈಸ್ ಟೈಮ್ ಬೇಕು ಅಂದರೆ ಪುಲ್‌ಅಪ್ 2.9ಕೆ ಮೀರುವ ಹಾಗಿಲ್ಲ. ನಿಮ್ಮದು 4.7ಕೆ.

ಮಂಜೇಶ್ವರ_ಸ್ಕೋಪ್
ಆ 12 ಮೀಟರಿಗೆ ಆರ್‌ಎಸ್485 (ಉದ್ದ ಕೇಬಲಿಗೆ ಹೊಂದುವ ಸೀರಿಯಲ್ ಲೈನ್) ಹಾಕಿ, ಅದರಲ್ಲಿ ಮಾತಾಡುವ ಮಾಡ್‌ಬಸ್ ಸೆನ್ಸರ್ ತನ್ನಿ. ಐ2ಸಿಯೇ ಬೇಕೆಂದರೆ ಪಿಸಿಎ9615 ಉಂಟು, ಎರಡೂ ತುದಿಗೆ ಒಂದೊಂದು ಹಾಕಿ ಡಿಫರೆನ್ಷಿಯಲ್ ಮಾಡಬಹುದು.

ಬದಿಯಡ್ಕ_ಪಂಪ್‌ಶೆಡ್
ಆರ್‌ಎಸ್485 ಪೋರ್ಟ್ ಬೋರ್ಡಿನಲ್ಲಿ ಖಾಲಿ ಉಂಟು. ತುಲಾ ಮಳೆ (ಹಿಂಗಾರು) ಸುರುವಾಗುವ ಮೊದಲು ಬದಲಾಯಿಸುತ್ತೇವೆ, ಇಲ್ಲಿ ಆ ಹೊತ್ತಿನ ಗುಡುಗು ಸಿಡಿಲು ಜೋರು.

ತಂತಿ_ಹೊಸೂರು
ಹಾಗಾದರೆ ಆರ್‌ಎಸ್485 ಎರಡೂ ತಂತಿಗೆ ಟಿವಿಎಸ್ ಡಯೋಡ್ (ಸ್ಪೈಕ್ ಹೀರೋದು), ಸಾಧ್ಯವಾದರೆ ಐಸೊಲೇಟೆಡ್ ಟ್ರಾನ್ಸೀವರ್. ಪಂಪಿನ ಅರ್ತ್ ಬೇರೆ, ಶೆಡ್ಡಿನ ಅರ್ತ್ ಬೇರೆ ಇದ್ದರೆ ಐಸೊಲೇಷನ್ ಬೇಕೇ ಬೇಕು.

ತಾಳವಾಡಿ_ಟೆಸ್ಟ್
ಮೋಟರ್ ಆನ್ ಮಾಡಿ, ಬಸ್ ಯಾವಾಗ ಸಿಕ್ಕಿಬೀಳುತ್ತೆ ಅಂತ ಕಾಯ್ತಾ ಕೂರಬೇಡಿ. ಬೇಕೆಂದಾಗ ಸಿಕ್ಕಿಸಬಹುದು. ಕರ್ನಲ್‌ನಲ್ಲಿ ಐ2ಸಿ-ಜಿಪಿಐಒ ಡ್ರೈವರಿಗೆ ಫಾಲ್ಟ್ ಇಂಜೆಕ್ಟರ್ ಇದೆ, ಕಾನ್ಫಿಗ್‌ನಲ್ಲಿ ಆನ್ ಮಾಡಬೇಕು. ಖಾಲಿ ಇರುವ ಎರಡು ಜಿಪಿಐಒ ತಗೊಂಡು ಅದೇ ಎಸ್‌ಸಿಎಲ್, ಎಸ್‌ಡಿಎ ತಂತಿಗಳಿಗೆ ಪ್ಯಾರಲಲ್ ಆಗಿ ಕಟ್ಟಿ, ಐ2ಸಿ-ಜಿಪಿಐಒ ಬಸ್ ಮಾಡಿ. ಡೀಬಗ್‌ಎಫ್‌ಎಸ್‌ನಲ್ಲಿ (ಕರ್ನಲ್‌ನ ಡೀಬಗ್ ಫೈಲ್‌ಗಳ ಜಾಗ) ಆ ಬಸ್ಸಿನ ಹೆಸರಲ್ಲಿ ಕೆಲವು ಫೈಲ್ ಬರುತ್ತವೆ.

ನಿಮಗೆ ಬೇಕಾದ್ದು "ಇನ್‌ಕಂಪ್ಲೀಟ್_ರೈಟ್_ಬೈಟ್". ಅದಕ್ಕೆ ಚಿಪ್ಪಿನ ವಿಳಾಸ ಬರೆದರೆ, ರೈಟ್ ಮೆಸೇಜ್ ಶುರು ಮಾಡಿ, ಒಂದು 00 ಬೈಟ್ ಕಳಿಸಿ, ಅದರ ಅಕ್ಕಿನಲ್ಲಿ ಕೈಬಿಡುತ್ತೆ. ಒಂದು ಬೈಟಿನ ಒಳವಿಳಾಸ ಇರುವ 24ಸಿ02 ಆದರೆ ಮಡಕಶಿರಾದವರು ವಿವರಿಸಿದ ಸ್ಥಿತಿಯೇ. ನಿಮ್ಮ 24ಸಿ32ರಲ್ಲಿ ಅದು ವಿಳಾಸದ ಮೊದಲ ಬೈಟಿನಲ್ಲೇ ನಿಲ್ಲುತ್ತೆ, ಹಾಗಾಗಿ ಎಫ್‌ಎಫ್ ಹಿಡಿಯೋಕೆ ಪರೀಕ್ಷೆಗೆ ಅಂತಲೇ ಒಂದು 24ಸಿ02 ಬಸ್ಸಿಗೆ ಹಾಕಿ. 00ನೇ ಜಾಗದಲ್ಲಿ 5ಎ ಬರೆದಿಟ್ಟು, ಇಂಜೆಕ್ಟ್ ಮಾಡಿ, ರಿಕವರಿ ಆದಮೇಲೆ ಓದಿ. 5ಎ ಇದ್ದರೆ ಪಾಸ್, ಎಫ್‌ಎಫ್ ಆದರೆ ಫೇಲ್.

"ಎಸ್‌ಡಿಎ" ಫೈಲಿಗೆ 0 ಬರೆದರೆ ಲೈನ್ ಕಾಯಂ ಕೆಳಗೆ. ಇದನ್ನ ಯಾವ ರಿಕವರಿಯೂ ಬಿಡಿಸಕ್ಕಾಗಲ್ಲ. ನಿಮ್ಮ ಡ್ರೈವರ್ ಎರರ್ ಕೊಟ್ಟು ಹೊರಗೆ ಬರುತ್ತಾ, ಇಲ್ಲಾ ಸುತ್ತು ಹೊಡೀತಾ ಸಿಸ್ಟಂ ನಿಲ್ಲಿಸುತ್ತಾ ನೋಡಿ. "ಎಸ್‌ಸಿಎಲ್" ಫೈಲಿಗೂ ಹಾಗೇ. "ಲೂಸ್_ಆರ್ಬಿಟ್ರೇಷನ್" ಮಾಡಿದಾಗ ರಿಕವರಿ ಶುರುವಾದರೆ ಅದು ಬಗ್.

ಕರ್ನಲ್_ಕುಂಬಳೆ
ಒಳ್ಳೇದಾಯ್ತು ಹೇಳಿದ್ದು. ರಿಕವರಿ ಮುಗಿದ ಮೇಲೆ ಕಂಟ್ರೋಲರನ್ನೂ ರೀಸೆಟ್ ಮಾಡಿ ಮತ್ತೆ ಇನಿಷಿಯಲೈಸ್ ಮಾಡುವ ಅಗತ್ಯ ಕೆಲವು ಹಾರ್ಡ್‌ವೇರಿಗೆ ಉಂಟು, ಅದಕ್ಕೆ ಪ್ರಿಪೇರ್_ರಿಕವರಿ, ಅನ್‌ಪ್ರಿಪೇರ್_ರಿಕವರಿ ಎಂಬ ಎರಡು ಕಾಲ್‌ಬ್ಯಾಕ್. ಲೈನ್ ಮೇಲೆ ಬಂದರೂ ಕಂಟ್ರೋಲರಿನ ಬಿಸಿ ಬಿಟ್ (ಬಸ್ ಖಾಲಿ ಇಲ್ಲ ಎನ್ನುವ ಗುರುತು) ಇಳಿಯದೆ ಕುಳಿತರೆ ಮತ್ತೆ -110.

ಮಡಕಶಿರಾ_ಮೈಕ್ರೋ
ಎಸ್‌ಟಿಎಂ32ಎಫ್1 ಬಳಸುವವರು ಇದನ್ನ ಓದಿ. ಅದರ ಎರ‍್ರಾಟಾದಲ್ಲೇ (ತಯಾರಕರ ದೋಷಪಟ್ಟಿ) ಇದೆ: ಅನಲಾಗ್ ಫಿಲ್ಟರ್ ತಪ್ಪು ಮಟ್ಟ ಹಿಡಿದು ಬಿಸಿ ಬಿಟ್ ಅಂಟಿಕೊಳ್ಳುತ್ತದೆ. ಪಿನ್ ಜಿಪಿಐಒ ಓಪನ್ ಡ್ರೈನ್ ಮಾಡಿ ಎರಡೂ ಲೈನ್ ಒಮ್ಮೆ ಇಳಿಸಿ ಏರಿಸಿ, ವಾಪಸ್ ಐ2ಸಿಗೆ ಕೊಟ್ಟು ಎಸ್‌ಡಬ್ಲ್ಯುಆರ್‌ಎಸ್‌ಟಿ (ಸಾಫ್ಟ್‌ವೇರ್ ರೀಸೆಟ್) ಬಿಟ್ ಹೊಡೆಯಬೇಕು. ಜೆಫಿರ್ (ಚಿಕ್ಕ ಚಿಪ್ಪುಗಳ ಆಪರೇಟಿಂಗ್ ಸಿಸ್ಟಂ) ಬಳಸುವವರಿಗೆ ಐ2ಸಿ_ರಿಕವರ್_ಬಸ್ ಇದೆ. ಆದರೆ ನಿಮ್ಮ ಡ್ರೈವರ್ ಅದನ್ನು ಬೆಂಬಲಿಸುತ್ತಾ ನೋಡಿಕೊಳ್ಳಿ.

ಬದಿಯಡ್ಕ_ಪಂಪ್‌ಶೆಡ್
ಇನ್ನೊಂದು ಸಂಶಯ. ಲಾಗ್ ರೆಕಾರ್ಡ್ ಒಂದನ್ನು ಮಾತ್ರ ನಾವು ಈಪ್ರಾಮಿಗೆ ಬರೆಯುತ್ತೇವೆ. ಅದನ್ನು ಬರೆಯುವ ನಡುವೆಯೇ ರೀಸೆಟ್ ಆದರೆ ಈ ಸ್ಟಾಪ್ ಅರ್ಧ ಬರೆದದ್ದನ್ನೇ ಗಟ್ಟಿ ಮಾಡುವುದಿಲ್ಲವಾ?

ಮಡಕಶಿರಾ_ಮೈಕ್ರೋ
ಮಾಡುತ್ತದೆ. ಆಗಲೇ ಅಕ್ ಆದ ಬೈಟುಗಳು ಸ್ಟಾಪ್ ಬಿದ್ದರೆ ಒಳಗೆ ಹೋಗುತ್ತವೆ. ಅದನ್ನು ಬಸ್ ಮಟ್ಟದಲ್ಲಿ ತಡೆಯಲು ಹೋಗಬೇಡಿ. ರೆಕಾರ್ಡಿಗೆ ಎರಡು ಜಾಗ ಇಡಿ, ಎರಡೂ ಬೇರೆ ಪೇಜ್. 24ಸಿ32ರಲ್ಲಿ ಪೇಜ್ 32 ಬೈಟ್. ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಎಂದು ಹಿಡಿಯುವ ಸಂಖ್ಯೆ). ಯಾವಾಗಲೂ ಹಳೆಯದರ ಮೇಲೆ ಬರೆಯಿರಿ. ಓದುವಾಗ ಸಿಆರ್‌ಸಿ ಸರಿ ಇರುವವುಗಳಲ್ಲಿ ದೊಡ್ಡ ಸಂಖ್ಯೆಯದು ತಗೊಳ್ಳಿ.

ತಂತಿ_ಹೊಸೂರು
ಜೊತೆಗೆ ಡಬ್ಲ್ಯುಪಿ (ಮೇಲಿದ್ದರೆ ಬರೆಯೋದನ್ನ ತಡೆಯುವ) ಪಿನ್. ನಿಮ್ಮದೇ ಬೋರ್ಡಿನಲ್ಲಿ ಈಪ್ರಾಮ್ ಕೂರಿಸೋವಾಗ ಅದನ್ನ ನೆಲಕ್ಕೆ ಕಟ್ಟಬೇಡಿ. 10ಕೆಯಿಂದ ವಿಸಿಸಿಗೆ ಎಳೆದು ಒಂದು ಜಿಪಿಐಒಗೆ ಕೊಡಿ. ರೀಸೆಟ್ ಆದಾಗ ಜಿಪಿಐಒ ಸಡಿಲ, ಡಬ್ಲ್ಯುಪಿ ತಾನೇ ಮೇಲೆ, ಆ ಹೊತ್ತಲ್ಲಿ ಯಾರು ಎಷ್ಟು ಪಲ್ಸ್ ಕೊಟ್ಟರೂ ಬರಹ ಒಳಗೆ ಹೋಗಲ್ಲ. ಲಿನಕ್ಸ್‌ನ ಎಟಿ24 ಡ್ರೈವರಿಗೆ ಡಿವೈಸ್ ಟ್ರೀಯಲ್ಲಿ ಡಬ್ಲ್ಯುಪಿ-ಜಿಪಿಐಒಸ್ ಕೊಟ್ಟರೆ ಬರೆಯುವಾಗ ಮಾತ್ರ ಇಳಿಸಿ ಮತ್ತೆ ಏರಿಸುತ್ತೆ.

ಅಕ್ಕಲಕೋಟ_ಸರ್ಕಿಟ್
ಇದು ಬಾಳ ಛಲೋ ಐತಿ. ಆ ಜಿಪಿಐಒ ಅದೇ ಬಸ್ಸಿನ ಮ್ಯಾಲಿನ ಎಕ್ಸ್‌ಪ್ಯಾಂಡರಿಂದ (ಜಿಪಿಐಒ ಪಿನ್ ಹೆಚ್ಚಿಸೋ ಚಿಪ್) ತಗೋಬ್ಯಾಡ್ರಿ ಮತ್ತ.

ಕರ್ನಲ್_ಕುಂಬಳೆ
ರಿಕವರಿ ಜಿಪಿಐಒಗಂತೂ ಅದು ಖಂಡಿತ ಆಗದು. ಬಸ್ ಬಿಡಿಸಲು ಬೇಕಾದ ಪಿನ್ ಸಿಕ್ಕಿಬಿದ್ದ ಬಸ್ಸಿನ ಆಚೆಗೇ ಇದ್ದರೆ ಮುಟ್ಟುವುದು ಹೇಗೆ?

@ಬದಿಯಡ್ಕ_ಪಂಪ್‌ಶೆಡ್ ಯು-ಬೂಟ್ (ಕರ್ನಲಿಗೂ ಮೊದಲು ಓಡುವ ಬೂಟ್‌ಲೋಡರ್) ಈಪ್ರಾಮನ್ನಾಗಲೀ ಆರ್‌ಟಿಸಿಯನ್ನಾಗಲೀ ಓದುತ್ತದಾ? ಓದುವುದಾದರೆ ರೀಸೆಟ್ ಆದ ಮೇಲೆ ಸಿಕ್ಕಿಬಿದ್ದ ಬಸ್ಸನ್ನು ಮೊದಲು ಕಾಣುವುದು ಅದೇ, ಕರ್ನಲ್ ಅಲ್ಲ. ಅಲ್ಲಿ ಐ2ಸಿ_ಡೀಬ್ಲಾಕ್ ಉಂಟು, ಅದಕ್ಕೂ ಅದೇ ಜಿಪಿಐಒ ಪಿನ್‌ಕಂಟ್ರೋಲ್ ಸ್ಟೇಟ್ ಬೇಕು.

ಬದಿಯಡ್ಕ_ಪಂಪ್‌ಶೆಡ್
ಓದುತ್ತದೆ, ಮ್ಯಾಕ್ ವಿಳಾಸ ಈಪ್ರಾಮಿನಲ್ಲೇ ಉಂಟು. ಯು-ಬೂಟಿನ ಡಿವೈಸ್ ಟ್ರೀಗೂ ಸೇರಿಸುತ್ತೇನೆ. ಪ್ರೋಬಿನಲ್ಲಿದ್ದ ಪಲ್ಸ್ ಕೋಡ್ ತೆಗೆದಾಯಿತು. ತಾಳವಾಡಿಯವರೇ, 24ಸಿ02 ಹೆಕ್ಸ್ 50ರಲ್ಲಿ ಇಟ್ಟರೆ ಮಾಡ್ಯೂಲಿನ ಈಪ್ರಾಮಿಗೆ ಏನೂ ತೊಂದರೆ ಇಲ್ಲ ಅಲ್ವಾ?

ತಾಳವಾಡಿ_ಟೆಸ್ಟ್
ಇಲ್ಲ. ಎ0, ಎ1, ಎ2 ಮೂರೂ ನೆಲಕ್ಕೆ ಕಟ್ಟಿ, 50 ಬರುತ್ತೆ. ಅದರ ಡಬ್ಲ್ಯುಪಿ ಮಾತ್ರ ನೆಲಕ್ಕೇ ಇರಲಿ. ಇಲ್ಲದಿದ್ದರೆ ಕೋಡ್ ತಪ್ಪಿದ್ದರೂ 5ಎ ಹಾಗೇ ಉಳಿದು ಪಾಸ್ ಅಂತ ಕಾಣುತ್ತೆ.